ಮದ್ದಿನಮನೆ: ಫಿರಂಗಿಯ ಬಾಯಿ, ಬಾಣದ ಬಾಲ, ಬಂದೂಕಿನ ಇಸವಿ

ಯುದ್ಧ ಇತಿಹಾಸದ ಓದುಗರ ಪ್ರಶ್ನೋತ್ತರ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೈದರ್–ಟಿಪ್ಪು ಕಾಲದವು. ಒಂದು ಹೈಫಾದ್ದು (ಮೊದಲ ಮಹಾಯುದ್ಧದಲ್ಲಿ ತುರ್ಕರ ಕೈಯಿಂದ ಗೆದ್ದ ಊರು, ಇಂದಿನ ಇಸ್ರೇಲಿನಲ್ಲಿದೆ). ಉತ್ತರ ಎಲ್ಲೆಲ್ಲಿ ಅಳತೆಪಟ್ಟಿಯಲ್ಲಿ ಸಿಗುತ್ತದೋ ಅಲ್ಲೆಲ್ಲ ಅಳತೆಯನ್ನೇ ಕೊಟ್ಟಿದ್ದೇವೆ.

ನಮ್ಮೂರ ಕಚೇರಿಯ ಮುಂದೆ ಹಳೆಯ ಕಬ್ಬಿಣದ ಫಿರಂಗಿ ಇದೆ. ಒಬ್ಬರು ‘ಹದಿನೆಂಟು ಪೌಂಡಿನದು’ ಎನ್ನುತ್ತಾರೆ, ಇನ್ನೊಬ್ಬರು ‘ಇಪ್ಪತ್ತನಾಲ್ಕು’ ಎನ್ನುತ್ತಾರೆ. ಪೌಂಡು ಎಂದರೆ ಫಿರಂಗಿಯ ತೂಕವೇ? ಅಳೆದು ತೀರ್ಮಾನಿಸಬಹುದೇ? (ಓದುಗರು, ಚಿತ್ರದುರ್ಗ)

ಫಿರಂಗಿಯ ತೂಕವಲ್ಲ, ಅದು ಹಾರಿಸುವ ಗಟ್ಟಿ ಕಬ್ಬಿಣದ ಗುಂಡಿನ ತೂಕ. ಗುಂಡು ಕೈಯಲ್ಲಿಲ್ಲದಿದ್ದರೂ ಚಿಂತೆಯಿಲ್ಲ, ಫಿರಂಗಿಯ ಬಾಯಿ ಅಳೆದರೆ ಸಾಕು. ಹಳೆಯ ತೋಪಿನವರ ಲೆಕ್ಕ ಒಂದೇ ಸಾಲಿನದು: 4 ಇಂಚು ಅಡ್ಡಳತೆಯ ಎರಕದ ಕಬ್ಬಿಣದ ಗುಂಡು 9 ಪೌಂಡು ತೂಗುತ್ತದೆ. ಉಳಿದದ್ದೆಲ್ಲ ಇದರಿಂದ ಹೊರಡುತ್ತದೆ.

ಮೊದಲು ಬಾಯಿಯ ಒಳ ಅಡ್ಡಳತೆ ತೆಗೆಯಿರಿ. ತುದಿಯಲ್ಲಿ ಅಳೆಯಬೇಡಿ, ಅಲ್ಲಿ ಸವೆದಿರುತ್ತದೆ ಅಥವಾ ಅಂಚು ಒಡೆದಿರುತ್ತದೆ. ಒಂದು ಗೇಣು ಒಳಗೆ ಹೋಗಿ ಅಳೆಯಿರಿ. ಒಳ ಕ್ಯಾಲಿಪರ್ ಇಲ್ಲದವರು ಎರಡು ತೆಳು ಬಿದಿರು ದಬ್ಬೆಗಳನ್ನು ಒಂದರ ಮೇಲೊಂದು ಹಿಡಿದು, ಎರಡೂ ತುದಿ ಗೋಡೆಗೆ ತಾಗುವವರೆಗೆ ಜಾರಿಸಿ, ಅಲ್ಲೇ ಬಿಗಿಹಿಡಿದು ಹೊರಗೆ ತಂದು ಅಳೆದರೆ ಆಯಿತು. ಮೇಲೆ–ಕೆಳಗೆ ಒಂದು ಸಲ, ಎಡ–ಬಲ ಒಂದು ಸಲ. ಬಂದ ಅಳತೆಯನ್ನು 1.05ರಿಂದ ಭಾಗಿಸಿ. ಗುಂಡು ಸಲೀಸಾಗಿ ಒಳಗೆ ಇಳಿಯಲು ನಳಿಗೆಯನ್ನು ಗುಂಡಿಗಿಂತ ಸುಮಾರು ಇಪ್ಪತ್ತನೇ ಒಂದು ಪಾಲು ಅಗಲ ಮಾಡುತ್ತಿದ್ದರು, ಅದನ್ನು ಕಳೆಯಲು ಈ ಭಾಗಾಕಾರ. ಉಳಿದದ್ದು ಗುಂಡಿನ ಅಡ್ಡಳತೆ. ಅದನ್ನು 10.16 ಸೆಂ.ಮೀ.ನಿಂದ (ಅಂದರೆ 4 ಇಂಚಿನಿಂದ) ಭಾಗಿಸಿ, ಬಂದ ಸಂಖ್ಯೆಯ ಘನ ತೆಗೆದು, 9ರಿಂದ ಗುಣಿಸಿ.

ಉದಾಹರಣೆಗೆ ಬಾಯಿ 13.4 ಸೆಂ.ಮೀ. ಬಂತು ಎನ್ನಿ. 1.05ರಿಂದ ಭಾಗಿಸಿದರೆ 12.76. ಅದನ್ನು 10.16ರಿಂದ ಭಾಗಿಸಿದರೆ 1.256. ಅದರ ಘನ 1.98. ಒಂಬತ್ತರಿಂದ ಗುಣಿಸಿದರೆ 17.8. ಹದಿನೆಂಟು ಪೌಂಡಿನದೇ ಸರಿ. ಇಪ್ಪತ್ತನಾಲ್ಕು ಪೌಂಡಿನದಾಗಿದ್ದರೆ ಬಾಯಿ 14.8 ಸೆಂ.ಮೀ. ಇರಬೇಕಿತ್ತು. ಇಂಗ್ಲಿಷ್ ಫಿರಂಗಿಗಳಲ್ಲಿ 6 ಪೌಂಡಿಗೆ 9.3, 9 ಪೌಂಡಿಗೆ 10.7, 12 ಪೌಂಡಿಗೆ 11.7 ಸೆಂ.ಮೀ. ಎಂದು ನೆನಪಿಟ್ಟುಕೊಂಡರೆ ಸ್ಥಳದಲ್ಲೇ ಹೇಳಬಹುದು.

ಲೆಕ್ಕ ಎಲ್ಲಿ ಕೈಕೊಡುತ್ತದೆ? ಒಳಗೋಡೆಯ ತುಕ್ಕು ಎರಡೂ ಕಡೆ 2 ಮಿ.ಮೀ. ಉದುರಿದ್ದರೆ ಅಳತೆ 4 ಮಿ.ಮೀ. ಹೆಚ್ಚು ಬರುತ್ತದೆ. ಒಂಬತ್ತು ಪೌಂಡಿನದು ಹತ್ತಾಗಿಯೋ ಹನ್ನೊಂದಾಗಿಯೋ ಕಾಣುತ್ತದೆ. ಅಂಥ ಪೌಂಡು ಇರಲಿಲ್ಲವಾದ್ದರಿಂದ ಕೆಳಗಿನದಕ್ಕೆ ಇಳಿಸಿಕೊಳ್ಳಿ. ಪ್ರತಿ ರಾಷ್ಟ್ರೀಯ ಹಬ್ಬಕ್ಕೂ ಒಂದು ಕೋಟಿಂಗ್ ಸಿಲ್ವರ್ ಪೇಂಟ್ ಕುಡಿದ ಫಿರಂಗಿಗಳಲ್ಲಿ ಇದರ ಉಲ್ಟಾ ಆಗುತ್ತದೆ, ಬಾಯಿ ಕಿರಿದಾಗಿರುತ್ತದೆ. ಅಳತೆ 12.1 ಸೆಂ.ಮೀ. ಬಂದು ಯಾವುದಕ್ಕೂ ಹೊಂದದಿದ್ದರೆ ಅದು ಫ್ರೆಂಚರ 12 ಪೌಂಡಿನದಾಗಿರಬಹುದು. ಅವರ ಪೌಂಡು ಸುಮಾರು 490 ಗ್ರಾಂ, ಇಂಗ್ಲಿಷರದು 454 ಗ್ರಾಂ. ಮೈಸೂರಿನ ಸೇನೆಯಲ್ಲಿ ಫ್ರೆಂಚ್ ತೋಪುಗಳೂ ಇದ್ದವೆಂಬುದನ್ನು ಮರೆಯಬೇಡಿ. ಇನ್ನು ಕಬ್ಬಿಣದ ಪಟ್ಟಿಗಳನ್ನು ಸೇರಿಸಿ ಮೇಲೆ ಬಳೆ ತೊಡಿಸಿ ಬಡಿದು ಮಾಡಿದ ದೇಸೀ ಫಿರಂಗಿಗಳಿಗೆ, ಕಲ್ಲುಗುಂಡು ಹಾರಿಸುತ್ತಿದ್ದವಕ್ಕೆ ಈ ಪೌಂಡಿನ ಮಾತೇ ಹೊಂದುವುದಿಲ್ಲ. ಅವುಗಳ ಬಾಯಿಯ ಅಳತೆಯನ್ನಷ್ಟೇ ಬರೆದಿಡಿ.

ಅದೇ ಫಿರಂಗಿಯ ಬೆನ್ನ ಮೇಲೆ ‘42–1–14’ ಎಂದು ಕೆತ್ತಿದೆ. ಇದು ತಾರೀಖೇ? (ಅದೇ ಓದುಗರು)

ತಾರೀಖೂ ಅಲ್ಲ, ನಂಬರೂ ಅಲ್ಲ. ಇದೇ ನಿಜವಾದ ಫಿರಂಗಿಯ ತೂಕ. ಮೊದಲ ಅಂಕಿ ಹಂಡ್ರೆಡ್‌ವೇಟ್ (ಒಂದಕ್ಕೆ 112 ಪೌಂಡು), ಎರಡನೆಯದು ಕ್ವಾರ್ಟರ್ (28 ಪೌಂಡು), ಮೂರನೆಯದು ಬಿಡಿ ಪೌಂಡು. 42ನ್ನು 112ರಿಂದ ಗುಣಿಸಿದರೆ 4704, ಅದಕ್ಕೆ 28 ಮತ್ತು 14 ಸೇರಿಸಿದರೆ 4746 ಪೌಂಡು, ಅಂದರೆ ಸುಮಾರು 2150 ಕೆ.ಜಿ. ಹದಿನೆಂಟು ಪೌಂಡಿನ ಉದ್ದ ನಳಿಗೆಯ ಕಬ್ಬಿಣದ ತೋಪಿಗೆ ಸರಿಯಾಗಿ ಇರಬೇಕಾದ ತೂಕವೇ ಇದು. ಬಾಯಿಯ ಅಳತೆಯೂ ಬೆನ್ನಿನ ಅಂಕಿಯೂ ಒಂದಕ್ಕೊಂದು ಸಾಕ್ಷಿ ಹೇಳುತ್ತಿವೆ, ನಿಮ್ಮ ಜಗಳ ಮುಗಿಯಿತು. ಈ ಅಂಕಿಗಳ ಹತ್ತಿರ ನಾಲ್ಕು ಭಾಗ ಮಾಡಿದ ಹೃದಯದಾಕಾರದ ಗುರುತು ಕಂಡರೆ ಅದು ಈಸ್ಟ್ ಇಂಡಿಯಾ ಕಂಪನಿಯ ಮಾಲು. ಕಿರೀಟದ ಕೆಳಗೆ ‘ಜಿ.ಆರ್.’ ಎಂದು ಹೆಣೆದ ಅಕ್ಷರಗಳಿದ್ದರೆ ಇಂಗ್ಲೆಂಡಿನ ದೊರೆ ಜಾರ್ಜನ ಕಾಲದ್ದು.

ಟಿಪ್ಪುವಿನ ರಾಕೆಟ್ ಎಷ್ಟು ದೂರ ಹೋಗುತ್ತಿತ್ತು? ಒಂದು ಕಡೆ 900 ಮೀಟರ್ ಅಂತಿದೆ, ಇನ್ನೊಂದು ಕಡೆ ಎರಡೂವರೆ ಕಿಲೋಮೀಟರ್. ಕತ್ತಿ ಕಟ್ಟುತ್ತಿದ್ದರು ಎನ್ನುವುದು ನಿಜವೇ? (ಓದುಗರು, ಮಂಡ್ಯ)

ಕತ್ತಿ ಕಟ್ಟುತ್ತಿದ್ದುದು ನಿಜ. ದೂರದ ವಿಷಯದಲ್ಲಿ ಎರಡೂ ಸರಿಯಿರಬಹುದು, ಏಕೆಂದರೆ ‘ಟಿಪ್ಪುವಿನ ರಾಕೆಟ್’ ಎಂಬ ಒಂದೇ ವಸ್ತು ಇರಲಿಲ್ಲ. ಅಂದಿನವರು ಅದನ್ನು ಬಾಣ ಎನ್ನುತ್ತಿದ್ದರು. ನಮ್ಮ ಜಾತ್ರೆಯ ಬಾಣಬಿರುಸಿನಲ್ಲಿ ಉಳಿದಿರುವುದೂ ಅದೇ ಮಾತು.

ಲಂಡನ್ನಿನ ವೂಲ್ವಿಚ್‌ನ ರಾಯಲ್ ಆರ್ಟಿಲರಿ ಸಂಗ್ರಹದಲ್ಲಿದ್ದ ಎರಡು ಬಾಣಗಳ ಅಳತೆ ನೋಡಿ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಬರಹದಲ್ಲಿ ಇವನ್ನು ವಿವರಿಸಿದ್ದಾರೆ. ಒಂದರ ಕಬ್ಬಿಣದ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಅದಕ್ಕೆ ಚರ್ಮದ ಪಟ್ಟಿಯಿಂದ 1 ಮೀಟರಿಗಿಂತ ಸ್ವಲ್ಪ ಉದ್ದದ ನೇರ ಕತ್ತಿ ಬಿಗಿದಿದೆ. ಇನ್ನೊಂದರ ಕೊಳವೆ 37 ಮಿ.ಮೀ. ದಪ್ಪ, 198 ಮಿ.ಮೀ. ಉದ್ದ, ಅದಕ್ಕೆ 1.9 ಮೀಟರ್ ಬಿದಿರು. ಕೊಳವೆಯ ಗೋಡೆ ನಾಲ್ಕು ಮಿ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ದೊಡ್ಡದರ ಹೊಟ್ಟೆಯಲ್ಲಿ ಸುಮಾರು ಅರ್ಧ ಕೆ.ಜಿ. ಮದ್ದು ಹಿಡಿಯುತ್ತದೆ, ಚಿಕ್ಕದರಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಇವೆರಡೂ ಒಂದೇ ದೂರ ಹೋಗಬೇಕೆಂದು ಕೇಳುವುದು ನ್ಯಾಯವಲ್ಲ. ಸಾಮಾನ್ಯವಾಗಿ 900 ಮೀಟರ್ ಎನ್ನಿ, ಗರಿಷ್ಠ 2.4 ಕಿ.ಮೀ. ಎಂಬ ಉಲ್ಲೇಖವಿದೆ ಎಂದು ಸೇರಿಸಿ. ಕ್ವಿಜ್ ನಡೆಸುವವರು ‘ಎಷ್ಟು ದೂರ’ ಎಂಬ ಪ್ರಶ್ನೆಯನ್ನೇ ಕೈಬಿಟ್ಟು ‘ಕೊಳವೆ ಯಾವುದರದ್ದು’ ಎಂದು ಕೇಳಿದರೆ ಒಳ್ಳೆಯದು. ಮೈಸೂರು ಬಾಣದ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ಉರಿದು ಒಳಗಿನ ಒತ್ತಡ ಒಂದು ಮಟ್ಟ ದಾಟಿದರೆ ಕೊಳವೆಯೇ ಸಿಡಿಯುತ್ತದೆ. ಹಾಗಾಗಿ ಮದ್ದನ್ನು ಸಡಿಲವಾಗಿ ತುಂಬಬೇಕು, ನೂಕುಬಲ ಕಡಿಮೆ. ಬಡಿದು ಹದಮಾಡಿದ ಮೆದು ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಮದ್ದನ್ನು ಒತ್ತೊತ್ತಾಗಿ ತುಂಬಬಹುದು, ಹೊಗೆ ಇನ್ನೂ ರಭಸವಾಗಿ ಹಿಂದಕ್ಕೆ ನುಗ್ಗುತ್ತದೆ. ಎರಕದ ಕಬ್ಬಿಣವಾಗಿದ್ದರೆ ಸಾಗುತ್ತಿರಲಿಲ್ಲ. ಅದು ಬಾಗುವುದಿಲ್ಲ, ಒಡೆಯುತ್ತದೆ.

ಬಾಲದ ಬಿದಿರು ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಕೊಳವೆ ನೆಲಚಕ್ರದಂತೆ ಸುತ್ತುತ್ತದೆ. ಉದ್ದ ಬಾಲದ ಮೇಲೆ ಗಾಳಿಯ ಎಳೆತ ಹಿಂದಿನಿಂದ ಬೀಳುವುದರಿಂದ ಮೂತಿ ಮುಂದಕ್ಕೇ ಇರುತ್ತದೆ. ಕತ್ತಿ ಅದೇ ಕೆಲಸವನ್ನು ತನ್ನ ಭಾರದಿಂದ ಅಷ್ಟಿಷ್ಟು ಮಾಡುತ್ತದೆ. ಜೊತೆಗೆ ಮದ್ದು ಮುಗಿದು ಕೆಳಗೆ ಬೀಳುವಾಗ ಲಾಗ ಹೊಡೆಯುತ್ತಾ ಕುದುರೆ, ಎತ್ತು, ಆಳುಗಳ ಗುಂಪಿನಲ್ಲಿ ಸಿಕ್ಕಿದ್ದನ್ನು ಸೀಳುತ್ತದೆ.

ಕೆಡುತ್ತಿದ್ದುದು ಹೇಗೆ ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಬಾಣದ ಕತೆಯ ಸ್ವಾರಸ್ಯ ಅಲ್ಲಿದೆ. ಬಂಡಿಯಲ್ಲಿ ಕುಲುಕಿ ಒಳಗಿನ ಮದ್ದಿನ ಗಟ್ಟಿ ಬಿರುಕುಬಿಟ್ಟರೆ ಬೆಂಕಿ ಆ ಬಿರುಕಿಗೂ ನುಗ್ಗಿ, ಉರಿಯುವ ಮೈ ಒಮ್ಮೆಲೇ ಹೆಚ್ಚಿ, ಕೊಳವೆ ಹಾರುವ ಮೊದಲೇ ಸಿಡಿಯುತ್ತದೆ. ಹಸಿ ಚರ್ಮದ ಪಟ್ಟಿ ಒಣಗಿದಾಗ ಕಬ್ಬಿಣದಂತೆ ಬಿಗಿಯುತ್ತದೆ, ಮಳೆಯಲ್ಲಿ ನೆಂದರೆ ಮತ್ತೆ ಸಡಿಲ. ಬಾಲ ಓರೆಯಾದರೆ ಬಾಣವೂ ಓರೆ. ಅಡ್ಡಗಾಳಿ ಬೀಸುತ್ತಿದ್ದರೆ ಉರಿಯುತ್ತಿರುವ ಬಾಣ ಗಾಳಿ ತಳ್ಳಿದ ಕಡೆಗೆ ಹೋಗುವುದಿಲ್ಲ, ಗಾಳಿ ಬಂದ ದಿಕ್ಕಿಗೇ ಮೂತಿ ತಿರುಗಿಸುತ್ತದೆ. ಹಿಂದಿನ ಬಾಲವನ್ನು ಗಾಳಿ ತಳ್ಳುವುದೇ ಇದಕ್ಕೆ ಕಾರಣ. ಇದನ್ನರಿಯದವನು ಪ್ರತಿ ಸಲವೂ ತಪ್ಪು ಕಡೆಗೆ ಗುರಿ ತಿದ್ದುತ್ತಾನೆ. ಆದ್ದರಿಂದಲೇ ಬಾಣವನ್ನು ಒಂದೊಂದಾಗಿ ಅಲ್ಲ, ರಾಶಿಯಾಗಿ ಬಿಡುತ್ತಿದ್ದರು. ಟಿಪ್ಪುವಿನ ಸೇನಾನಿಯಮದಲ್ಲಿ ಪ್ರತಿ ಕುಶೂನಿಗೆ (ಸೇನೆಯ ಒಂದು ದೊಡ್ಡ ತುಕಡಿಗೆ) 200 ಬಾಣದವರನ್ನು ನೇಮಿಸಿದ್ದು ಸುಮ್ಮನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಗೆ ಸಿಕ್ಕಿದ್ದು ಹಾರಿಸಲು ಸಿದ್ಧವಿದ್ದ 700 ಬಾಣ, 9000 ಖಾಲಿ ಕೊಳವೆ.

ಪೊಳ್ಳಿಲೂರಿನ ಯುದ್ಧ ಗೆದ್ದದ್ದು ರಾಕೆಟ್‌ನಿಂದಲೇ ಅಲ್ಲವೇ? (ಓದುಗರು, ತುಮಕೂರು)

‘ರಾಕೆಟ್‌ನಿಂದಲೇ’ ಎಂಬುದರ ‘ಏ’ಕಾರ ತೆಗೆಯಿರಿ. 1780ರ ಸೆಪ್ಟೆಂಬರ್ 10ರಂದು ಕಾಂಚಿಯ ಹತ್ತಿರ ಹೈದರ್–ಟಿಪ್ಪು ಎದುರು ಇಂಗ್ಲಿಷರ ಕರ್ನಲ್ ಬೇಲಿಯ ದಂಡು ನಾಶವಾಗುವ ಮುಂಚೆ ಅವನ ಮದ್ದಿನ ಬಂಡಿಗಳು ಸಿಡಿದದ್ದು ನಿಜ. ಬೆಂಕಿ ತಾಗಿಸಿದ್ದು ಬಾಣವೇ ಫಿರಂಗಿಯ ಗುಂಡೇ ಎಂಬುದರಲ್ಲಿ ಅಂದಿನವರ ಮಾತುಗಳೇ ಒಂದಾಗುವುದಿಲ್ಲ. ಗಂಜಾಂನ ದರಿಯಾ ದೌಲತ್‌ನ ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿ ಚೌಕಟ್ಟಿನಂತೆ ನಿಂತ ಇಂಗ್ಲಿಷ್ ದಂಡಿನ ನಡುವೆ ಆ ಸಿಡಿತ ಎದ್ದು ಕಾಣುತ್ತದೆ, ಮೇನೆಯಲ್ಲಿ ಕೂತ ಬೇಲಿಯೂ ಕಾಣುತ್ತಾನೆ. ಹೋದಾಗ ನೋಡಿ.

ಹೊಸನಗರ ತಾಲೂಕಿನ ನಗರದ ಬಾವಿಯಲ್ಲಿ ಸಾವಿರ ರಾಕೆಟ್ ಸಿಕ್ಕವಲ್ಲ, ಅವಕ್ಕೆ ಬಿದಿರೂ ಇಲ್ಲ, ಕತ್ತಿಯೂ ಇಲ್ಲ. ರಾಕೆಟ್ ಎಂದು ಹೇಗೆ ಹೇಳುತ್ತಾರೆ? (ಓದುಗರು, ಸಾಗರ)

2018ರ ಜುಲೈನಲ್ಲಿ ಆ ಹಾಳುಬಾವಿಯಿಂದ ತೆಗೆದದ್ದು ಸಾವಿರಕ್ಕೂ ಹೆಚ್ಚು ಕೊಳವೆಗಳು. ಮಣ್ಣಿಗೆ ಮದ್ದಿನ ವಾಸನೆ ಇದ್ದದ್ದೇ ಮೊದಲ ಸುಳಿವು. ಮಲೆನಾಡಿನ ಕೆಸರಿನಲ್ಲಿ ಎರಡು ಶತಮಾನ ಬಿದಿರು, ಚರ್ಮ ಉಳಿಯಬೇಕೆಂದು ಬಯಸುವುದು ಹೆಚ್ಚಾಯಿತು. ಅಲ್ಲದೆ ಶ್ರೀರಂಗಪಟ್ಟಣದಲ್ಲಿ ಸಿಕ್ಕ ಖಾಲಿ ಕೊಳವೆಗಳ ಲೆಕ್ಕ ನೋಡಿದರೆ ಕೊಳವೆಗಳನ್ನು ಬೇರೆಯಾಗಿಯೇ ದಾಸ್ತಾನು ಮಾಡುತ್ತಿದ್ದರು ಎಂಬುದು ತಿಳಿಯುತ್ತದೆ. ಎರಡು ಮೀಟರ್ ಬಾಲದ ಸಮೇತ ಸಾವಿರ ಬಾಣ ಇಡಲು ಯಾವ ಉಗ್ರಾಣ ಸಾಕು? ಕೊಳವೆಯ ಒಂದು ತುದಿ ಮುಚ್ಚಿ ಇನ್ನೊಂದು ತುದಿಯಲ್ಲಿ ಹೊಗೆ ಹೋಗುವ ತೂತಿದ್ದರೆ ಅದು ಬಾಣ. ಹೈದರ್ 1763ರಲ್ಲಿ ಬಿದನೂರನ್ನು (ಇಂದಿನ ನಗರವನ್ನು) ಗೆದ್ದು ಹೈದರ್‌ನಗರವೆಂದು ಹೆಸರಿಟ್ಟ. ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ 1783ರ ಜನವರಿಯಲ್ಲಿ ಅದನ್ನು ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸು ಪಡೆದ. ಒಂದೇ ವರ್ಷದಲ್ಲಿ ಎರಡು ಸಲ ಕೈಬದಲಾದ ಊರಿನಲ್ಲಿ ಮದ್ದಿನ ಸಾಮಾನು ಬಾವಿ ಸೇರಲು ಕಾರಣಕ್ಕೆ ಕೊರತೆಯಿಲ್ಲ.

ಆ ಕಡೆಯ ಓದುಗರಿಗೆ ಒಂದು ಮಾತು. ತೋಟ ಅಗೆಯುವಾಗ ಇಂಥ ಕೊಳವೆ ಸಿಕ್ಕರೆ ತುಕ್ಕು ಕೆರೆಯಬೇಡಿ, ಬಿಸಿಲಿಗೆ ಒಣಹಾಕಬೇಡಿ, ಗ್ರೈಂಡರ್ ಹಿಡಿಯಬೇಡಿ. ನೆನೆದ ಮದ್ದು ಸತ್ತಂತೆ ಕಾಣುತ್ತದೆ, ಮುಚ್ಚಿದ ಕೊಳವೆಯೊಳಗೆ ಒಣಗಿದರೆ ಮತ್ತೆ ಉರಿಯಬಲ್ಲದು. ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸಿ.

ಹಳೆಯ ಬಂದೂಕಿನ ನಳಿಗೆಯ ಮೇಲೆ ಹುಲಿಪಟ್ಟೆಯ ಗುರುತಿದೆ, ಪಾರ್ಸಿ ಅಂಕಿಗಳಲ್ಲಿ ಇಸವಿ ಇದೆ. ಓದಿಸಿದರೆ ಒಬ್ಬರು ‘5121’ ಎಂದರು, ಇನ್ನೊಬ್ಬರು ‘1215 ಹಿಜರಿ, ಅಂದರೆ ಕ್ರಿ.ಶ. 1800’ ಎಂದರು. ಟಿಪ್ಪು ಸತ್ತಮೇಲೆ ಮಾಡಿದ ನಕಲೇ? (ಓದುಗರು, ಮೈಸೂರು)

ಈ ಒಂದು ಪ್ರಶ್ನೆಯಲ್ಲಿ ಎರಡು ಬಲೆಗಳಿವೆ, ಎರಡರಲ್ಲೂ ನಿಮ್ಮ ಸ್ನೇಹಿತರು ಸಿಕ್ಕಿಕೊಂಡಿದ್ದಾರೆ.

ಮೊದಲ ಬಲೆ ಓದುವ ದಿಕ್ಕಿನದು. ಪಾರ್ಸಿ ಅಕ್ಷರ ಬಲದಿಂದ ಎಡಕ್ಕೆ ಓದಿದರೂ ಅಂಕಿಗಳನ್ನು ನಮ್ಮಂತೆ ಎಡದಿಂದ ಬಲಕ್ಕೇ ಓದುವುದು ವಾಡಿಕೆ. ಟಿಪ್ಪು ತನ್ನ ಮೌಲೂದಿ ಶಕೆ (ಪ್ರವಾದಿಯ ಹುಟ್ಟಿನಿಂದ ಎಣಿಸುವ ವರ್ಷಗಣನೆ) ತಂದಾಗ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಅವನ ನಾಣ್ಯಗಳಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. ‘5121’ ಎಂದು ಕಾಣುವುದು ವಾಸ್ತವವಾಗಿ 1215.

ಎರಡನೆಯದು ಶಕೆಯದು. ಇದು ಹಿಜರಿ ಅಲ್ಲ. ಮೌಲೂದಿ ವರ್ಷಕ್ಕೆ 572 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ: 1215ಕ್ಕೆ 1787–88. ನಮ್ಮ ಪಂಚಾಂಗದ ಸಂವತ್ಸರದ ಚೌಕಟ್ಟನ್ನೇ ಇಟ್ಟುಕೊಂಡು ಹೆಸರುಗಳನ್ನು ಬದಲಿಸಿದ ಚಾಂದ್ರ–ಸೌರ ಎಣಿಕೆ ಅದು. ಹೀಗಾಗಿ ವರ್ಷ ಶುರುವಾಗುವುದು ಯುಗಾದಿಯ ಹೊತ್ತಿಗೆ. 1215 ಎಂದರೆ ಪ್ಲವಂಗ ಸಂವತ್ಸರ. ಆ ವರ್ಷದ ಮಾಘ, ಫಾಲ್ಗುಣದಲ್ಲಿ ಮಾಡಿದ ಬಂದೂಕು 1788ರ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ಎರಡು ಇಸವಿ ಸೇರಿಸಿ ಬರೆಯುವುದು. 1215ನ್ನು ಹಿಜರಿ ಎಂದು ಹಿಡಿದರೆ ಅದು 1800ರ ಮೇ ತಿಂಗಳಲ್ಲಿ ಶುರುವಾಗುತ್ತದೆ, ಟಿಪ್ಪು ಸತ್ತು ಒಂದು ವರ್ಷದ ಮೇಲೆ. ಅಸಲಿ ಮಾಲನ್ನು ನಕಲಿ ಎಂದು ತಳ್ಳಿಹಾಕುವವರು ಎಡವುವುದು ಇಲ್ಲೇ.

ಪಾರ್ಸಿ ಅಂಕಿ ಬಾರದವರಿಗೆ ಗುರುತು: ಒಂದು ಎಂದರೆ ನೆಟ್ಟಗಿನ ಗೀಟು, ಸೊನ್ನೆ ಬರೀ ಚುಕ್ಕಿ, ಐದು ಉಂಡೆ. ಏಳು ಮೇಲಕ್ಕೆ ಬಾಯಿ ತೆರೆದ ಮೂಲೆ, ಎಂಟು ಅದೇ ತಲೆಕೆಳಗಾದದ್ದು. ಎರಡು ಮತ್ತು ಮೂರು ಒಂದೇ ಥರ, ತಲೆಯಲ್ಲಿ ಎರಡಕ್ಕೆ ಒಂದು ಕೊಂಡಿ, ಮೂರಕ್ಕೆ ಎರಡು. ತುಕ್ಕು ತಿಂದ ನಳಿಗೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಈ ಎರಡು–ಮೂರರಲ್ಲಿ. ಬಲತುದಿಯಲ್ಲಿ ಒಂದು ಗೀಟಿದ್ದು ಅದರ ಎಡಕ್ಕೆ ಎರಡು ಇದ್ದರೆ ಮೌಲೂದಿ ಎಂದು ಹಿಡಿಯಿರಿ. ಎಡತುದಿಯಿಂದ 1197, 1198, 1199, 1200 ಎಂದು ಬಂದರೆ ಅದು ಟಿಪ್ಪುವಿನ ಮೊದಲ ವರ್ಷಗಳ ಹಿಜರಿ. ಹಿಜರಿ 1197 ಶುರುವಾದದ್ದು 1782ರ ಡಿಸೆಂಬರಿನಲ್ಲಿ. ಹಿಜರಿಗೆ 572ರ ಲೆಕ್ಕ ನಡೆಯದು, ಅದು 354 ದಿನದ ವರ್ಷ. ಒಂದು ತಮಾಷೆ: 1221 ಎಂಬ ಮೌಲೂದಿ ವರ್ಷವನ್ನು ಯಾವ ಕಡೆಯಿಂದ ಓದಿದರೂ 1221ಏ. 1793–94ರ ಮಾಲಿನ ಮಟ್ಟಿಗೆ ದಿಕ್ಕಿನ ಜಗಳವೇ ಇಲ್ಲ.

ಇಸವಿ ಸರಿಯಾಗಿದ್ದ ಮಾತ್ರಕ್ಕೆ ವಸ್ತು ಅಸಲಿ ಎಂದಲ್ಲ. ಹುಲಿಪಟ್ಟೆಯ ಕೆತ್ತನೆಯ ಒಳಗೆ ತುಕ್ಕು, ಕೊಳೆ ಕಟ್ಟಿಕೊಂಡಿದೆಯೇ, ಅಥವಾ ಕೊರೆತದ ಅಂಚು ಹೊಸ ಕೀಲಿಕೈಯಂತೆ ಚೂಪಾಗಿದೆಯೇ ನೋಡಿ. ಹೈದರನ ಹೆಸರಿನ ಮೊದಲ ಅಕ್ಷರದ ಗುರುತು ಎಲ್ಲಾದರೂ ಇದೆಯೇ ಹುಡುಕಿ.

ಶ್ರೀರಂಗಪಟ್ಟಣದ ಮೇಲಿನ ಕೊನೆಯ ದಾಳಿಗೆ ನಡುಮಧ್ಯಾಹ್ನವನ್ನು ಏಕೆ ಆರಿಸಿದರು? ದಾಳಿ ಎಂದರೆ ರಾತ್ರಿಯೋ ಬೆಳಗಿನ ಜಾವವೋ ಅಲ್ಲವೇ? (ಓದುಗರು, ಹಾಸನ)

ರಾತ್ರಿಯ ರುಚಿ ಅವರು ಒಂದು ತಿಂಗಳ ಹಿಂದೆಯೇ ನೋಡಿದ್ದರು. 1799ರ ಏಪ್ರಿಲ್ 5ರ ರಾತ್ರಿ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆಯ ಮರದ ತೋಪಿಗೆ ನುಗ್ಗಲು ಹೋಗಿ ಬಾಣ, ಬಂದೂಕಿನ ಏಟಿಗೆ ಹಿಂದೆ ಸರಿದ. ಅದು ಅಮಾವಾಸ್ಯೆಯ ಆಸುಪಾಸು, ಮರಗಳ ಕೆಳಗೆ ತನ್ನ ಕೈ ತನಗೆ ಕಾಣದ ಕತ್ತಲು. ಮರುದಿನ ಬೆಳಕಿನಲ್ಲಿ ಅದೇ ತೋಪು ಸಲೀಸಾಗಿ ಸಿಕ್ಕಿತು.

ಮೇ 4ರಂದು ಮಾತು ಬೇರೆ. ನುಗ್ಗಬೇಕಿದ್ದದ್ದು ಕೋಟೆಯ ವಾಯವ್ಯದ ಕಡೆ ಒಡೆದ ಗೋಡೆಗೆ, ನಡುವೆ ಕಲ್ಲುಬಂಡೆಗಳ ಕಾವೇರಿ. ಕತ್ತಲಲ್ಲಿ ಆ ಹಾಸುಗಲ್ಲಿನ ಮೇಲೆ ಸಾವಿರಾರು ಜನ ಸಾಲು ಕೆಡದೆ ದಾಟುವುದು ಕಷ್ಟ. ಮಧ್ಯಾಹ್ನದ ಬಿಸಿಲಲ್ಲಿ ಕಾವಲಿನವರು ಊಟ, ನೆರಳು ಎಂದು ಚದುರಿರುತ್ತಾರೆ ಎಂಬ ಎಣಿಕೆ. ದಾಳಿಯ ಆಳುಗಳನ್ನು ಬೆಳಕು ಹರಿಯುವ ಮೊದಲೇ ಕಂದಕಗಳಿಗೆ ಇಳಿಸಿ, ಚಲನೆ ಕಾಣದಂತೆ ಕೂರಿಸಿ, ಮಧ್ಯಾಹ್ನ ಒಂದರ ಮೇಲೆ ಬಿಟ್ಟರು. ಮುಂದಾಳು ಡೇವಿಡ್ ಬೇರ್ಡ್, ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸಂಕೋಲೆಯಲ್ಲಿದ್ದವನು. ಎರಡು ದಿನ ಮುಂಚೆ, ಮೇ 2ರಂದು, ಒಂದು ಗುಂಡು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಿದ್ದು ಅದು ಸಿಡಿದಿತ್ತು.

ಗಡಿಯಾರಕ್ಕಿಂತ ಪಂಚಾಂಗವೇ ಮುಖ್ಯ ಎನ್ನುವುದು ನಮ್ಮ ಅಭಿಪ್ರಾಯ. ಕೊಡಗಿನಲ್ಲಿ ಮುಂಗಾರು ಹಿಡಿದರೆ ಜೂನ್‌ನಲ್ಲಿ ಕಾವೇರಿ ಏರುತ್ತದೆ, ಮತ್ತೆ ಕೋಟೆ ಅದರಷ್ಟಕ್ಕೇ ಸುರಕ್ಷಿತ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಗೆದ್ದೂ ಎತ್ತುಗಳು ಸತ್ತು, ಮಳೆ ಹಿಡಿದು, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. 1799ರಲ್ಲಿ ಇಂಗ್ಲಿಷ್ ದಂಡನಾಯಕ ಹ್ಯಾರಿಸ್‌ನ ಪಾಳೆಯದಲ್ಲೂ ಅಕ್ಕಿಯ ಮೂಟೆಗಳು ತಳ ಕಂಡಿದ್ದವು. ಇನ್ನು ಕೆಲವು ವಾರ ತಡೆದಿದ್ದರೆ ಕತೆ ಬೇರೆಯಾಗುತ್ತಿತ್ತು.

ಟಿಪ್ಪುವಿನ ಸೈನ್ಯದ ವೇಗ ಅಮೃತಮಹಲ್ ಎತ್ತುಗಳದ್ದು ಎನ್ನುತ್ತಾರೆ, ಉತ್ಪ್ರೇಕ್ಷೆಯೇ? (ಓದುಗರು, ಅಜ್ಜಂಪುರ)

ಹೆಚ್ಚೇನಲ್ಲ. ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ (160 ಕಿ.ಮೀ.) ನಡೆದು ಚಿದಂಬರಂ ನೆರವಿಗೆ ಮುಟ್ಟಿದ್ದು ಈ ತಳಿಯ ಹೆಸರಿನಲ್ಲೇ ದಾಖಲಾಗಿದೆ. ಒಡೆಯರ ಕಾಲದ ಬೆಣ್ಣೆಚಾವಡಿಗೆ (ಅರಮನೆಯ ದನಗಳ ಇಲಾಖೆಗೆ) ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಸಣ್ಣ ಮೈ, ಉದ್ದ ಕಾಲು, ಕಾವಲಿನ ಒಣಹುಲ್ಲು ತಿಂದು ದಿನವಿಡೀ ನಡೆಯುವ ಜಾತಿ. ಆದರೆ ಈ ವೇಗ ಹಗುರ ತೋಪು, ಸಾಮಾನು ಬಂಡಿಗಳದ್ದು. ಕೋಟೆ ಒಡೆಯುವ 24 ಪೌಂಡಿನ ಕಬ್ಬಿಣದ ತೋಪು ನಳಿಗೆಯೊಂದೇ ಎರಡೂವರೆ ಟನ್. ಅದನ್ನು ಎಳೆಯುವಾಗ ಯಾವ ಎತ್ತೂ ಓಡುವುದಿಲ್ಲ. 1799ರ ನಂತರ ಈ ಹಿಂಡು ಕಂಪನಿಯ ಕೈ ಸೇರಿತು. ಅದರ ಬೆಲೆ ಚೆನ್ನಾಗಿ ಅರಿತವನು ವೆಲ್ಲೆಸ್ಲಿಯೇ.

ಕ್ವಿಜ್ ಒಂದರಲ್ಲಿ ‘ಜಗತ್ತಿನ ಕೊನೆಯ ಅಶ್ವದಳ ದಾಳಿ ಯಾವುದು’ ಎಂದಾಗ ‘ಹೈಫಾ, 1918, ಮೈಸೂರು ಲ್ಯಾನ್ಸರ್ಸ್’ ಎಂದೆ. ಅಂಕ ಕೊಟ್ಟರು. ಕೊಡಬಹುದಿತ್ತೇ? (ಓದುಗರು, ಬೆಂಗಳೂರು)

ಕೊಡಬಾರದಿತ್ತು, ಬೇಸರಪಡಬೇಡಿ. 1942ರ ಮಾರ್ಚ್‌ನಲ್ಲಿ ಬರ್ಮಾದ ಟೌಂಗೂ ಬಳಿ ಬರ್ಮಾ ಫ್ರಾಂಟಿಯರ್ ಫೋರ್ಸಿನ ಸವಾರರು ಕ್ಯಾಪ್ಟನ್ ಸ್ಯಾಂಡ್‌ಮನ್ ಜೊತೆ ಜಪಾನಿಯರ ಮೇಲೆ ಕತ್ತಿ ಹಿರಿದು ನುಗ್ಗಿದರು. ಅದೇ ವರ್ಷ ಆಗಸ್ಟ್ 24ರಂದು ರಷ್ಯಾದ ದೋನ್ ನದಿಯ ಹತ್ತಿರ ಇಟಲಿಯ ಸವೋಯಾ ಅಶ್ವದಳ ನುಗ್ಗಿತು. ಹೈಫಾದ ಹೆಗ್ಗಳಿಕೆ ‘ಕೊನೆಯದು’ ಎಂಬುದರಲ್ಲಿಲ್ಲ. ಮೆಷಿನ್‌ಗನ್, ಫಿರಂಗಿಗಳಿದ್ದ ಊರನ್ನು ಸವಾರರು ಓಡುತ್ತಲೇ ಹಿಡಿದದ್ದು ಹೆಗ್ಗಳಿಕೆ.

1918ರ ಸೆಪ್ಟೆಂಬರ್ 23. ಹದಿನೈದನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಮೂರು ಲ್ಯಾನ್ಸರ್ಸ್ ದಳಗಳು. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ಹೊಳೆ, ನಡುವಿನ ಇರುಕಿನಲ್ಲಿ ದಾರಿ. ಹೊಳೆ ದಾಟಲು ಹೋದ ಜೋಧಪುರದವರ ಕುದುರೆಗಳು ದಡದ ಕುಸಿಯುವ ಮಣ್ಣಿನಲ್ಲಿ ಹೂತವು. ದಳ ಅಲ್ಲೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್‌ಗನ್‌ಗಳ ಮೇಲೆ ಬಿತ್ತು, ಆಮೇಲೆ ಊರಿನೊಳಗೆ. ಅವರ ಮೇಜರ್ ದಲಪತ್ ಸಿಂಗ್ ಅಲ್ಲಿ ತೀರಿಕೊಂಡರು. ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಕಾರ್ಮೆಲ್ ಹತ್ತಿ ಮೇಲಿನ ತೋಪುಗಳನ್ನು ಹಿಡಿಯಿತು. ಅದಾಗದಿದ್ದರೆ ಕೆಳಗಿನ ಓಟ ತೋಪಿನ ಬಾಯಿಗೇ ಆಗುತ್ತಿತ್ತು. ಉಳಿದ ಮೈಸೂರಿನವರು ಜೋಧಪುರದವರ ಬೆನ್ನಿಗೆ ಊರು ಹೊಕ್ಕರು. ಸೆರೆಸಿಕ್ಕವರು 1350, ತೋಪು 17, ಮೆಷಿನ್‌ಗನ್ 11. ಬ್ರಿಗೇಡಿನ ಕಡೆ ಸತ್ತವರು 8, ಗಾಯಗೊಂಡವರು 34, ಆದರೆ ಕುದುರೆಗಳು 60 ಸತ್ತು 83 ಗಾಯಗೊಂಡವು. ಗುಂಡುಗಳೆಲ್ಲ ಎಲ್ಲಿ ಹೋದವು ಎಂಬುದಕ್ಕೆ ಈ ಕೊನೆಯ ಅಂಕಿಯೇ ಉತ್ತರ. ದಿಲ್ಲಿಯ ತೀನ್ ಮೂರ್ತಿಯ ಮೂವರು ಸವಾರರು ಈ ಮೂರು ದಳಗಳವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಅಟ್ಟದ ಮೇಲೆ ಮುತ್ತಾತನ ಕಾಲದ, ಬಾಯಿಂದ ಮದ್ದು ತುಂಬುವ ಕೋವಿ ಸಿಕ್ಕಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಗೋಡೆಗೆ ತೂಗುಹಾಕಬಹುದೇ? (ಓದುಗರು, ಸೋಮವಾರಪೇಟೆ)

ತಿಕ್ಕುವ ಮುಂಚೆ ಅದು ಖಾಲಿಯೋ ಎಂದು ನೋಡಿ. ಹಿಂದಿನವರು ಹಂದಿ ಕಾಯಲು ತುಂಬಿಟ್ಟು ಹಾಗೇ ಬಿಟ್ಟ ಕೋವಿಗಳು ಎಷ್ಟೋ ಇವೆ. ಬಾಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಪಕ್ಕಕ್ಕೆ ನಿಂತು, ತೆಳುವಾದ ಮರದ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಕಬ್ಬಿಣದ ಸರಳು ಬೇಡ, ಬೆಳಕಿಗೆಂದು ಕಡ್ಡಿ ಗೀರುವುದಂತೂ ಬೇಡವೇ ಬೇಡ. ಕೋಲು ನಿಂತಲ್ಲಿ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು, ಗುರುತನ್ನು ಬಾಯಿಗೆ ಸರಿಹೊಂದಿಸಿ ನಳಿಗೆಯ ಹೊರಮೈ ಮೇಲೆ ಇಡಿ. ಕೋಲಿನ ತುದಿ ಬೆಂಕಿ ತಾಗಿಸುವ ತೂತಿನ ಮಟ್ಟಕ್ಕೆ ಬಂದರೆ ನಳಿಗೆ ಖಾಲಿ. ಮೂರರಿಂದ ಎಂಟು ಸೆಂ.ಮೀ. ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದು ಕಣಜದ ಗೂಡೂ ಇರಬಹುದು, ಮದ್ದು ಗುಂಡೂ ಇರಬಹುದು. ಕೆದಕಿ ನೋಡುವ ಕೆಲಸ ನಿಮ್ಮದಲ್ಲ. ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದ ತೆಗೆಸಿ.

ಹುಣಸೆಹಣ್ಣು ಹಿತ್ತಾಳೆ ಚೊಂಬಿಗೆ. ಅದರ ಹುಳಿ ಕಬ್ಬಿಣದ ಮೇಲಿನ ಹಳೆಯ ಕಪ್ಪು ಮೈಯನ್ನೂ ಅದರ ಕೆಳಗಿನ ತೆಳು ಕೆತ್ತನೆಯನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುತ್ತದೆ, ನಾಲ್ಕು ದಿನದಲ್ಲಿ ಕೆಂಪು ತುಕ್ಕು ಮತ್ತೆ ಬರುತ್ತದೆ. ತಂತಿಬ್ರಷ್, ಮರಳುಕಾಗದಕ್ಕೂ ಇದೇ ಮಾತು. ಒಣಬಟ್ಟೆಯಲ್ಲಿ ಧೂಳು ಒರೆಸಿ, ಹೊಲಿಗೆಯಂತ್ರಕ್ಕೆ ಹಾಕುವ ತೆಳು ಎಣ್ಣೆ ಸವರಿ, ಒಂದು ದಿನ ಬಿಟ್ಟು ಒರೆಸಿ. ಇದನ್ನೇ ನಾಲ್ಕೈದು ಸಲ ಮಾಡಿದರೆ ಸಡಿಲ ತುಕ್ಕು ತಾನಾಗಿ ಬರುತ್ತದೆ. ಮರದ ಹಿಡಿಗೆ ಎಣ್ಣೆ ತಾಗಿಸಬೇಡಿ, ಮೆತ್ತಗಾಗುತ್ತದೆ.

ಕಾಗದಪತ್ರದ ವಿಷಯ: ರಿಪೇರಿ ಮಾಡಿದರೂ ಹಾರದ, ಪುರಾತನ ಮಾದರಿಯ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದು ಹಾರದು ಎಂದು ನೀವೇ ತೀರ್ಪು ಕೊಟ್ಟುಕೊಂಡರೆ ಆಗದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ಬರೆಸಿಕೊಳ್ಳಿ, ಆಮೇಲೆ ಗೋಡೆಗೆ ಮೊಳೆ ಹೊಡೆಯಿರಿ.